ರಾಣಿಯಮ್ಮನ ಸ್ವಂತ ದನಿ

ರಾಣಿಯಮ್ಮ ಸತ್ತ ಸುದ್ದಿ ಟಿವಿಯಲ್ಲಿ ಬಂದಾಗ ದನಿಯಕ್ಕ ಬಾಯ್ತುಂಬ ಉಪ್ಪುನೀರು ಹಿಡಿದುಕೊಂಡು ಅಡುಗೆಮನೆಯ ಸಿಂಕಿನ ಮುಂದೆ ನಿಂತಿದ್ದಳು. ವಾರದಿಂದ ಗಂಟಲು ಕೆರೆತ. "ಕೋಟ್ಯಂತರ ಅಭಿಮಾನಿಗಳ ಮನಸೂರೆಗೊಂಡಿದ್ದ ಆ ಜೇನಿನಂಥ ದನಿ ಇನ್ನಿಲ್ಲ" ಎಂದು ಸುದ್ದಿ ಓದುವ ಹುಡುಗಿ ಹೇಳಿದಳು. ಜೇನಿನಂಥ ದನಿ ಗಳಗಳ ಸದ್ದು ಮಾಡಿ ಉಪ್ಪುನೀರನ್ನು ಸಿಂಕಿಗೆ ಉಗುಳಿತು.

"ಏ ಇವಳೇ, ನೀನು ಹೋಗ್ಬಿಟ್ಟೆಯಂತೆ," ಎಂದು ಹೊರಗಿನ ಕೋಣೆಯಿಂದ ಗಂಡ ಕೂಗಿದ. "ಬಾ ಇಲ್ಲಿ, ಎಲ್ರೂ ಹೂವು ಇಡ್ತಿದ್ದಾರೆ, ನೋಡು."

ಗಂಡ ಬಸ್ ಕಂಡಕ್ಟರಾಗಿ ನಿವೃತ್ತನಾದವನು. ಒಂದು ಮಾತು ಹೇಳಿದರೆ ಹಿಂದಿನ ಸೀಟಿನವರಿಗೂ ಕೇಳಬೇಕು ಎಂಬ ಚಾಳಿ ಇನ್ನೂ ಬಿಟ್ಟಿರಲಿಲ್ಲ. ಹೆಂಡತಿ ಬಾಯಿ ಒರೆಸಿಕೊಳ್ಳುತ್ತ ಬಂದು ನಿಂತದ್ದೇ ಅವಳ ಮುಖ ನೋಡಿ ಟಿವಿಯ ಸದ್ದು ತಗ್ಗಿಸಲು ರಿಮೋಟು ಹುಡುಕಿದ.

"ಇರಲಿ ಬಿಡಿ," ಎಂದಳು ದನಿಯಕ್ಕ. ಕುರ್ಚಿ ಎಳೆದುಕೊಂಡು ಕೂತಳು.

ಟಿವಿಯಲ್ಲಿ ರಾಣಿಯಮ್ಮ ಹದಿನೆಂಟರ ಹುಡುಗಿಯಾಗಿ ನಕ್ಕಳು, ನಡುವಯಸ್ಸಿನ ಡಾಕ್ಟರಾಗಿ ಗದರಿದಳು, ಮುದುಕಿಯಾಗಿ ಮೊಮ್ಮಗನನ್ನು ಬೈದಳು. ನಕ್ಕದ್ದು, ಗದರಿದ್ದು, ಬೈದದ್ದು ಎಲ್ಲ ದನಿಯಕ್ಕ. ಒಂದೊಂದು ಮಾತು ಬಂದಾಗಲೂ ಅವಳಿಗೆ ಅದನ್ನು ಹೇಳಿದ ದಿನದ ನೆಗಡಿ, ಹಸಿವು, ಹಿಂದಿನ ದಿನ ಮಗಳಿಗೆ ಬಂದಿದ್ದ ಜ್ವರ ನೆನಪಾಯಿತು. ಸತ್ತವಳು ಅವಳು, ಮಾತಾಡುತ್ತಿರುವವಳು ನಾನು, ಕುರ್ಚಿಯಲ್ಲಿ ಕೂತು ಕೇಳುತ್ತಿರುವವಳೂ ನಾನೇ. ಇದೆಂಥ ಅವಸ್ಥೆ ಎನ್ನಿಸಿ ಅವಳಿಗೆ ವಿಪರೀತ ಸುಸ್ತಾಯಿತು. ಅಳು ಮಾತ್ರ ಬರಲಿಲ್ಲ. ಬರಬೇಕಿತ್ತು ಅನ್ನಿಸಿತು, ಅಷ್ಟೆ.

ಅಳು ಬರದಿರಲು ಕಾರಣವಿತ್ತು. ಹೋದ ವರ್ಷದಿಂದ ಅವಳಿಗೆ ರಾಣಿಯಮ್ಮನ ಮೇಲೆ ಹೊಟ್ಟೆಯಲ್ಲಿ ಕೆಂಡದಂಥ ಸಿಟ್ಟಿತ್ತು.

ಡಬ್ಬಿಂಗ್ ಎಂದರೆ ತೆರೆಯ ಮೇಲಿನ ತುಟಿಗೆ ಮಾತು ಕೂಡಿಸುವುದು ಎಂದು ಜನ ತಿಳಿದಿದ್ದಾರೆ. ತುಟಿ ಕೂಡಿಸುವುದನ್ನು ಯಾರು ಬೇಕಾದರೂ ಕಲಿಯಬಹುದು. ಕಷ್ಟ ಇರುವುದು ಉಸಿರು ಕೂಡಿಸುವುದರಲ್ಲಿ. ಉದ್ದನೆಯ ಮಾತಿಗೆ ಮುಂಚೆ ರಾಣಿಯಮ್ಮನ ಎಡ ಹೆಗಲು ಒಂಚೂರು ಮೇಲೇಳುತ್ತಿತ್ತು. ಅದು ಏಳುವ ಹೊತ್ತಿಗೆ ಸರಿಯಾಗಿ ಕತ್ತಲೆ ಕೋಣೆಯಲ್ಲಿ ಮೈಕಿನ ಮುಂದೆ ನಿಂತ ದನಿಯಕ್ಕ ಉಸಿರೆಳೆದುಕೊಳ್ಳುತ್ತಿದ್ದಳು. ಶೂಟಿಂಗಿನ ಜಾಗದಲ್ಲಿ ರಾಣಿಯಮ್ಮ ಗೊಣಗಿದ್ದು ಕಚ್ಚಾ ಟ್ರ್ಯಾಕಿನಲ್ಲಿ ದಾಖಲಾಗಿರುತ್ತಿತ್ತು. ಒರಟು ದನಿ, ಒಡಕು, ಗಂಡಸರದಂತೆ ದಪ್ಪ. ಅದನ್ನು ಹೆಡ್‌ಫೋನಿನಲ್ಲಿ ಕೇಳಿಕೊಂಡು ಅದರ ಮೇಲೆ ತನ್ನ ದನಿ ಹಾಸಬೇಕು. ಹಾಸಿದ ಮೇಲೆ ಅಡಿಯದನ್ನು ಅಳಿಸುತ್ತಾರೆ. ಮೂವತ್ತು ವರ್ಷದ ಹತ್ತಿರ ಹತ್ತಿರ ಅವಳು ಮಾಡಿಕೊಂಡು ಬಂದದ್ದು ಇದನ್ನೇ.

ಹೆಸರು ತೆರೆಯ ಮೇಲೆ ಬರುತ್ತಿರಲಿಲ್ಲ. ಬರಬಾರದು ಎಂಬುದೇ ಕಸುಬಿನ ಕಟ್ಟಳೆ. ನಾಯಕಿಯ ದನಿ ನಾಯಕಿಯದೇ ಎಂದು ಜನ ನಂಬಬೇಕು. ಹೊರಗೆಲ್ಲೂ ಬಾಯಿ ಬಿಡಬಾರದು. ದನಿಯಕ್ಕ ಬಿಡಲಿಲ್ಲ. ಇಬ್ಬರೂ ಎದುರುಬದುರಾದದ್ದೂ ಅಪರೂಪ. ಒಮ್ಮೆ ಸ್ಟುಡಿಯೋದ ಓಣಿಯಲ್ಲಿ ಸಿಕ್ಕಾಗ ರಾಣಿಯಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀನೇನಾ? ಹುಷಾರಾಗಿರಮ್ಮ, ನೆಗಡಿ ಗಿಗಡಿ ಮಾಡ್ಕೋಬೇಡ," ಎಂದಿದ್ದಳು. ತಮ್ಮ ಕಾರನ್ನು ಬೇರೆಯವರ ಅಂಗಳದಲ್ಲಿ ನಿಲ್ಲಿಸಿದವರು ಹೇಳುವ ಹಾಗೆ ಹೇಳಿದ್ದಳು. ದನಿಯಕ್ಕ ಅದಕ್ಕೂ ಹೂಂ ಎಂದಿದ್ದಳು.

ಅಂಥ ರಾಣಿಯಮ್ಮ, ಹೋದ ವರ್ಷ ಹೊಸ ಚಿತ್ರ ಒಪ್ಪಿಕೊಂಡಾಗ, ಈ ಸಲ ನಾನೇ ಮಾತಾಡುತ್ತೇನೆ ಎಂದುಬಿಟ್ಟಳು. ಅದನ್ನು ದನಿಯಕ್ಕನಿಗೆ ಹೇಳುವ ಸೌಜನ್ಯವೂ ಯಾರಿಗೂ ಇರಲಿಲ್ಲ. ಸ್ಟುಡಿಯೋದ ಸೌಂಡ್ ಎಂಜಿನಿಯರ್ ಹೇಳಿದ್ದರಿಂದ ತಿಳಿಯಿತು. ಪಕ್ಕದ ಕೋಣೆಯ ಸೊಳ್ಳೆಯೂ ಅವನಿಗೆ ಕೇಳಿಸುತ್ತದೆ ಎಂದು ಎಲ್ಲರೂ ಅವನನ್ನು ಕಿವಿಯಣ್ಣ ಎನ್ನುತ್ತಿದ್ದರು. ಅಂದು ಮನೆಯಲ್ಲಿ ಪಾತ್ರೆಗಳ ಸದ್ದು ಜಾಸ್ತಿಯಾಯಿತು. "ಆ ಒಡಕು ಗಂಟಲು ಇಟ್ಕೊಂಡು ಅದೇನು ಮಾತಾಡ್ತಾಳೋ ನಾನೂ ನೋಡ್ತೀನಿ," ಎಂದಳು. "ಅವರ ಬಾಯಿ, ಅವರ ಮಾತು, ನಿಂದೇನು?" ಎಂದು ಗಂಡ ಕೇಳಿದ. ಪಾಪ, ನ್ಯಾಯವಾಗಿಯೇ ಕೇಳಿದ್ದ. ಅವತ್ತಿನಿಂದ ಅವನ ಕಾಫಿ ತಣ್ಣಗೆ ಬರತೊಡಗಿತು.

ಹೂವು ಇಟ್ಟವರೆಲ್ಲ ಮನೆಗೆ ಹೋಗಿ, ಟಿವಿಯವರು ಬೇರೆ ಸುದ್ದಿಗೆ ಹೊರಳಿದ ಮೇಲೆ ಆ ಹೊಸ ಚಿತ್ರದ ನಿರ್ದೇಶಕನ ಫೋನು ಬಂತು. ಇನ್ನೂ ಮೀಸೆ ಸರಿಯಾಗಿ ಬಲಿಯದ ಹುಡುಗ.

"ಅಕ್ಕಾ, ಮೇಡಂ ಡಬ್ಬಿಂಗ್ ಪೂರ್ತಿ ಮುಗಿಸಲಿಲ್ಲ. ಕೊನೆಯ ಸೀನುಗಳು ಬಾಕಿ ಇವೆ. ನಿರ್ಮಾಪಕರು ಇಡೀ ಚಿತ್ರ ನಿಮ್ಮ ಹತ್ರಾನೇ ಮಾಡಿಸೋಣ ಅಂತಿದ್ದಾರೆ."

"ಅವರು ಮಾತಾಡಿರೋದು?"

"ಅದನ್ನ ತೆಗೆದುಬಿಡ್ತೀವಿ. ನಿರ್ಮಾಪಕರು ಹೇಳ್ತಾರೆ, ನಮ್ಮಕ್ಕನ ನಿಜವಾದ ದನಿ ಬೇಕು ಅಂತ."

ನಿರ್ಮಾಪಕ ಎಂದರೆ ರಾಣಿಯಮ್ಮನ ಒಡಹುಟ್ಟಿದ ತಮ್ಮ. ಅವನ ಬಾಯಲ್ಲಿ ನಿಜವಾದ ದನಿ ಎಂದರೆ ದನಿಯಕ್ಕನದು. ದನಿಯಕ್ಕನಿಗೆ ನಗು ಬಂತು, ಸಿಟ್ಟೂ ಬಂತು.

"ಇನ್ನೊಂದು ವಿಷಯ ಅಕ್ಕಾ," ಎಂದ ಹುಡುಗ. "ಈ ಸಲ ನಿಮ್ಮ ಹೆಸರು ಹಾಕ್ತೀವಿ. ಚಿತ್ರ ಶುರುವಾಗೋಕೆ ಮುಂಚೆ, ದೊಡ್ಡದಾಗಿ, ಒಂದೇ ಹೆಸರು. ಇಷ್ಟು ವರ್ಷ ರಾಣಿಯಮ್ಮನ ದನಿಯಾಗಿದ್ದವರು ಅಂತ."

ದನಿಯಕ್ಕ ಫೋನು ಹಿಡಿದುಕೊಂಡೇ ಸ್ಟೂಲಿನ ಮೇಲೆ ಕೂತಳು. ಇಷ್ಟು ವರ್ಷ ತನಗೆ ಅದು ಬೇಕಿಲ್ಲ ಎಂದು ಅಂದುಕೊಂಡಿದ್ದವಳಿಗೆ, ಎಷ್ಟು ಬೇಕಿತ್ತು ಎಂಬುದು ಆಗ ತಿಳಿಯಿತು. ಅಪ್ಪ ಅಮ್ಮ ಇಟ್ಟ ಹೆಸರು, ರೇಷನ್ ಕಾರ್ಡು ಬಿಟ್ಟರೆ ಬೇರೆಲ್ಲೂ ಪೂರ್ತಿ ಬರೆಯದ ಹೆಸರು. ಗಂಡನಿಗೆ ಹೇಳಿದಳು. ಅವನು ಸಂಜೆಯೊಳಗೆ ಬೀದಿಗೆಲ್ಲ ಹೇಳಿ ಬಂದ.

ಸ್ಟುಡಿಯೋ ಮೂರನೆಯ ಮಹಡಿಯಲ್ಲಿತ್ತು. ಲಿಫ್ಟು ಎಂದಿನಂತೆ ಕೆಟ್ಟಿತ್ತು. ದನಿಯಕ್ಕ ಪ್ರತಿ ತಿರುವಿನಲ್ಲೂ ನಿಂತು ಹತ್ತಿದಳು. ಸದ್ದು ಹೀರಲೆಂದು ಗೋಡೆಗೆ ಬಡಿದ ಕಂಬಳಿಬಟ್ಟೆ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಹೆಡ್‌ಫೋನಿನ ಸ್ಪಂಜು ಕಿತ್ತು ಕಪ್ಪು ಪುಡಿ ಕೆನ್ನೆಗೆ ಅಂಟುತ್ತಿತ್ತು. ಗಾಜಿನ ಆಚೆ ಕಿವಿಯಣ್ಣ, ಅವನ ಪಕ್ಕ ನಿರ್ದೇಶಕ. ನಿರ್ದೇಶಕ ಮೊದಲು ಮಾಡಿದ ಕೆಲಸವೆಂದರೆ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ್ದು. ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರದಲ್ಲಿ ಅವಳ ಹೆಸರು. ಅವಳು ಎರಡು ಸಲ ಓದಿಕೊಂಡಳು.

"ಚೆನ್ನಾಗಿದೆ," ಎಂದಳು.

ಆಮೇಲೆ ಕಿವಿಯಣ್ಣ ಕೇಳಿದ. "ಕಚ್ಚಾ ಟ್ರ್ಯಾಕು ಕೊಡಲಾ, ಅವರು ಡಬ್ ಮಾಡಿದ್ದೇ ಕೊಡಲಾ?"

"ಡಬ್ ಮಾಡಿದ್ದೇ ಕೊಡು. ಅದೇನು ಸಾಧನೆ ಮಾಡಿದ್ದಾರೋ ಕೇಳೋಣ."

ಮೊದಲ ಸೀನು ಬಂತು. ದನಿಯಕ್ಕನ ಕಿವಿಗೆ ಬಿದ್ದದ್ದು ತನ್ನದೇ ದನಿ. ತನ್ನದೇ ಎಂದರೆ, ಅದರ ಕೆಟ್ಟ ನಕಲು. ರಾಣಿಯಮ್ಮ ಗಂಟಲನ್ನು ಮೇಲಕ್ಕೆಳೆದು, ದಪ್ಪ ದನಿಯನ್ನು ತೆಳ್ಳಗೆ ಮಾಡಲು ಹೋಗಿ, ದನಿಯಕ್ಕನ ಹಾಗೆ ಮಾತಾಡಲು ಹೆಣಗುತ್ತಿದ್ದಳು. ಸಿಟ್ಟಿನ ಮಾತಿಗೆ ಮುಂಚೆ ಉಗುಳು ನುಂಗುವ ದನಿಯಕ್ಕನ ಅಭ್ಯಾಸವನ್ನೂ ನಕಲು ಮಾಡಿದ್ದಳು. ಮಾತಿನ ಕೊನೆಗೆ ಬರುವ ಅರ್ಧ ನಗು, ಜನ ಮರುಳಾದ ಆ ನಗು, ಅದನ್ನೂ ತಂದಿದ್ದಳು. ಅದು ಕೆಮ್ಮಾಗಿತ್ತು.

ಮೊದಲು ದನಿಯಕ್ಕನಿಗೆ ಖುಷಿಯೇ ಆಯಿತು. ನೋಡು, ಬರಲಿಲ್ಲ ಅಲ್ಲವಾ, ಅಷ್ಟು ಸುಲಭ ಅಂದುಕೊಂಡಿದ್ದೆಯಾ. ಎರಡನೆಯ ಸೀನು ಅರ್ಧ ಆಗುವಷ್ಟರಲ್ಲಿ ಆ ಖುಷಿ ಇಳಿದುಹೋಯಿತು. ಬಾಯಿ ಅವಳದು, ಮುಖ ಅವಳದು, ಹೆಸರು ಅವಳದು. ಜೀವಮಾನದಲ್ಲಿ ಒಂದು ಸಲ ತಾನೇ ಮಾತಾಡುತ್ತೇನೆ ಎಂದು ಬಂದು ನಿಂತವಳು ಕೊನೆಗೆ ಈ ಉಪ್ಪುನೀರು ಮುಕ್ಕಳಿಸುವವಳ ನಕಲು ಮಾಡಬೇಕಾಯಿತೇ? ದನಿಯಕ್ಕನಿಗೆ ನಾಚಿಕೆಯಾಯಿತು. ಯಾರ ಪರವಾಗಿ ಎಂದು ತಿಳಿಯಲಿಲ್ಲ.

"ಈ ಎರಡು ಸೀನು ಅವರಿಗೇ ಇಷ್ಟ ಆಗಲಿಲ್ಲ," ಎಂದ ಕಿವಿಯಣ್ಣ. "ಕೊನೆಗೆ ಮತ್ತೆ ಮಾಡ್ತೀನಿ ಅಂದಿದ್ರು. ಮುಂದಿನದು ಕೇಳು."

ಮೂರನೆಯ ಸೀನಿನಲ್ಲಿ ಮುದುಕಿ ತಾಯಿ ಮಗಳ ಜೊತೆ ಜಗಳವಾಡುತ್ತಾಳೆ. ಮಗಳು ಬೆನ್ನು ತಿರುಗಿಸಿ ಬಟ್ಟೆ ಮಡಚುತ್ತಿರುತ್ತಾಳೆ. "ಇಷ್ಟು ವರ್ಷದಲ್ಲಿ ನಾನು ಹೇಳಿದ್ದನ್ನ ಒಂದು ಸಲನಾದ್ರೂ ಕೇಳಿಸ್ಕೊಂಡಿದ್ದೀಯಾ ನೀನು?" ಎಂದು ರಾಣಿಯಮ್ಮ ಕೇಳಿದಳು. ತನ್ನ ದನಿಯಲ್ಲಿ ಕೇಳಿದಳು. ಒರಟು, ಒಡಕು, ನಡುವೆ ಒಂದು ಕಡೆ ದನಿಯೇ ಇಲ್ಲದೆ ಬರೀ ಗಾಳಿ. ಅಲ್ಲಿಂದ ಮುಂದೆ ಆ ದನಿ ನಕಲಿಗೆ ವಾಪಸು ಹೋಗಲಿಲ್ಲ. ಸೀನಿನ ಮೇಲೆ ಸೀನು ಹಾಗೇ ಬಂತು.

ಮೂವತ್ತು ವರ್ಷ ಆ ದನಿಯನ್ನು ಕೇಳಿ ಕೇಳಿ ಅಳಿಸಿದವಳು ದನಿಯಕ್ಕ. ಕಚ್ಚಾ ಟ್ರ್ಯಾಕಿನಲ್ಲಿ ರಾಣಿಯಮ್ಮ ಯಾವತ್ತೂ ಮನಸ್ಸಿಟ್ಟು ಮಾತಾಡಿರಲಿಲ್ಲ, ಹೇಗೂ ಬೇರೆಯವರು ಹೇಳುತ್ತಾರೆ ಎಂದು ಬಾಯಿಗೆ ಬಂದದ್ದು ಗೊಣಗಿರುತ್ತಿದ್ದಳು. ಇವತ್ತು ಮನಸ್ಸಿಟ್ಟಿದ್ದಳು. ಮನಸ್ಸಿಟ್ಟರೆ ಹೀಗೆ ಬರುತ್ತದೆ ಎಂದು ದನಿಯಕ್ಕನಿಗೆ ಗೊತ್ತಿರಲಿಲ್ಲ. ಹೆಡ್‌ಫೋನು ಕಳಚಿ ಮೈಕಿನ ಕೊಕ್ಕೆಗೆ ಹಾಕಿದಳು. ಟಿವಿಯ ಮುಂದೆ ಬರದ ಅಳು ಈಗ ಬಂತು. ಸದ್ದು ಮಾಡದೆ ಅತ್ತಳು. ಎದುರಿಗೆ ಮೈಕು ಇತ್ತಲ್ಲ.

ಗಾಜಿನ ಆಚೆಯ ಬಾಗಿಲು ತೆರೆದು ನಿರ್ಮಾಪಕ ಒಳಗೆ ಬಂದ. ಅಕ್ಕನದೇ ಮೂಗು, ಅಕ್ಕನದೇ ಗಲ್ಲ. ಎಷ್ಟೋ ದಿನದಿಂದ ನಿದ್ದೆ ಕಂಡಿರದ ಕಣ್ಣು.

"ಶುರು ಮಾಡೋಣವಾ ಅಕ್ಕಾ?"

"ಇದನ್ನ ತೆಗೀಬೇಡಿ," ಎಂದಳು ದನಿಯಕ್ಕ.

ಅವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ತಲೆ ಅಲ್ಲಾಡಿಸಿದ. "ಆಗಲ್ಲ. ನಿಮಗೆ ಗೊತ್ತಿಲ್ಲ. ಅವಳ ಮೊದಲನೇ ಸಿನಿಮಾದಲ್ಲಿ ಅವಳೇ ಮಾತಾಡಿದ್ದು. ಥಿಯೇಟರಲ್ಲಿ ನಾನು ಪಕ್ಕದಲ್ಲೇ ಕೂತಿದ್ದೆ, ಸಣ್ಣವನು. ಇವಳು ಅಳೋ ಸೀನಲ್ಲಿ ಜನ ಬಿದ್ದು ಬಿದ್ದು ನಕ್ಕರು. ನನ್ನ ಕೈ ಹಿಡ್ಕೊಂಡು ಕೂತಿದ್ಲು, ಉಗುರು ಊರಿ ರಕ್ತ ಬಂತು. ಆಮೇಲೆ ನೀವು ಬಂದ್ರಿ. ಈಗ ಮತ್ತೆ ನಗಿಸಿಕೊಳ್ಳೋಕೆ ಬಿಡಲಾ ಅವಳನ್ನ? ಸತ್ತ ಮೇಲೂ?"

ನಿರ್ದೇಶಕ ಲ್ಯಾಪ್‌ಟಾಪಿನ ಮುಚ್ಚಳ ತೆರೆದು ಮುಚ್ಚಿ ಮಾಡುತ್ತಿದ್ದ. ಇವನ ಮಾತು ದುಡ್ಡಿನ ಮಾತಲ್ಲ ಎಂದು ದನಿಯಕ್ಕನಿಗೆ ಗೊತ್ತಾಯಿತು. ದುಡ್ಡಿನ ಮಾತಾಗಿದ್ದರೆ ಜಗಳ ಆಡಬಹುದಿತ್ತು.

"ನಾನು ಒಲ್ಲೆ ಅಂದ್ರೆ?" ಎಂದು ಕೇಳಿದಳು.

"ಬೇರೆ ಹುಡುಗಿ ಇದ್ದಾಳೆ. ನಿಮ್ಮ ದನಿ ಮಿಮಿಕ್ರಿ ಮಾಡ್ತಾಳೆ." ಅವನೇ ತಲೆ ತಗ್ಗಿಸಿದ. "ನಿಮ್ಮಷ್ಟು ಬರಲ್ಲ. ಆದ್ರೂ ಮಾಡಿಸಲೇಬೇಕು. ಕೊನೆಯ ಸೀನುಗಳಿಗಂತೂ ಯಾರಾದ್ರೂ ಬೇಕಲ್ಲ. ಅರ್ಧ ಒಂದು ದನಿ, ಅರ್ಧ ಇನ್ನೊಂದು ದನಿ ಮಾಡೋಕಾಗತ್ತಾ?"

ದನಿಯಕ್ಕ ಫ್ಲಾಸ್ಕಿನಿಂದ ಒಂದು ಗುಟುಕು ಬಿಸಿನೀರು ಕುಡಿದಳು. ಮಂಡಿ ನೋಯುತ್ತಿತ್ತು. ಮನೆಗೆ ಹೋಗಿ ಕಾಲು ಚಾಚಿ ಮಲಗಿದರೆ ಸಾಕು ಅನ್ನಿಸಿತು. "ಕಿವಿಯಣ್ಣಾ, ಕೊನೆಯ ಸೀನು ಹಾಕು," ಎಂದಳು. "ಕಚ್ಚಾ ಟ್ರ್ಯಾಕು ಕಿವಿಗೆ ಕೊಡು."

ಕೆಂಪು ದೀಪ ಹತ್ತಿತು. ತೆರೆಯ ಮೇಲೆ ಮುದುಕಿ ತಾಯಿ ಬಸ್ಸಿಗೆ ಕಾಯುತ್ತ ಬೆಂಚಿನ ಮೇಲೆ ಕೂತು ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಾಳೆ. ಎಡ ಹೆಗಲು ಮೇಲೆದ್ದಿತು. ದನಿಯಕ್ಕ ಉಸಿರೆಳೆದುಕೊಂಡಳು. ಆಮೇಲೆ ಗಂಟಲನ್ನು ಕೆಳಕ್ಕೆ ಬಿಟ್ಟಳು. ತಾನು ಜೀವಮಾನವಿಡೀ ಮುಚ್ಚಿಟ್ಟ ರಾಣಿಯಮ್ಮನ ಒರಟು ದನಿ ಅವಳ ಬಾಯಿಂದ ಬಂತು. ಒಡಕು, ಗಾಳಿ, ಮಾತು ಮುಗಿಯುವ ಮೊದಲೇ ಸುಸ್ತಾಗುವ ರೀತಿ, ಎಲ್ಲ. ಕೆರೆದ ಗಂಟಲು ಅವತ್ತು ಉಪಕಾರಕ್ಕೇ ಬಂತು ಎನ್ನಬೇಕು.

ಸೀನು ಮುಗಿದು ದೀಪ ಆರಿತು. ಗಾಜಿನ ಆಚೆ ನಿರ್ಮಾಪಕ ಕೂತಿರಲಿಲ್ಲ. ಎದ್ದು ಗೋಡೆ ಹಿಡಿದು ನಿಂತಿದ್ದ.

"ಮನೇಲಿ ಹಾಗೇ ಮಾತಾಡ್ತಿದ್ಲು," ಎಂದ. ಗಾಜಿನ ಈಚೆ ಕೇಳಬೇಕಾದರೆ ಒತ್ತಬೇಕಿದ್ದ ಮೈಕಿನ ಗುಂಡಿಯನ್ನು ಅವನು ಮರೆತಿದ್ದರಿಂದ ಕಿವಿಯಣ್ಣನೇ ಒತ್ತಿದ. "ನನ್ನನ್ನ ಸ್ಕೂಲಿಗೆ ಎಬ್ಬಿಸೋವಾಗ. ಹೊರಗಡೆ ಬಂದ್ರೆ ಬಾಯೇ ಬಿಡ್ತಿರಲಿಲ್ಲ. ಅಂಗಡೀಲೂ ಬೆರಳು ತೋರಿಸಿ ಕೊಳ್ತಿದ್ಲು."

ಅಷ್ಟು ಹೇಳಿ ಕಣ್ಣೊರೆಸಿಕೊಂಡು, ಹಟಕ್ಕೆ ಬಿದ್ದವನಂತೆ ಕೇಳಿದ. "ನಕ್ಕರೆ?"

"ನಕ್ಕರೆ ನಗಲಿ ಬಿಡಿ. ನಗ್ತಾರೆ ಅಂತ ಗೊತ್ತಿದ್ದೇ ತಾನೇ ಅವರು ಬಂದು ಮಾತಾಡಿದ್ದು? ನಾವು ಈಗ ಅಳಿಸಿದ್ರೆ, ಅವತ್ತು ನಕ್ಕವರ ಜೊತೆ ನಾವೂ ಸೇರಿಕೊಂಡ ಹಾಗೆ." ದನಿಯಕ್ಕನಿಗೆ ಇಷ್ಟುದ್ದ ತನ್ನ ಸ್ವಂತ ಮಾತು ಆ ಕೋಣೆಯಲ್ಲಿ ಆಡಿ ಅಭ್ಯಾಸವಿರಲಿಲ್ಲ. "ಮೊದಲಿನ ಎರಡು, ಕೊನೆಯವು, ಇಷ್ಟನ್ನ ನಾನು ಹೀಗೇ ಮಾಡಿಕೊಡ್ತೀನಿ. ನಡುವೆ ಅವರು ಮಾತಾಡಿದ್ದನ್ನ ಮುಟ್ಟಬೇಡಿ. ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ."

"ನನಗೂ ಗೊತ್ತಾಗಲಿಲ್ಲ," ಎಂದ ಕಿವಿಯಣ್ಣ. ಅವನ ಬಾಯಿಂದ ಅಂಥ ಮಾತು ಯಾರೂ ಕೇಳಿರಲಿಲ್ಲ.

ನಿರ್ಮಾಪಕ ಆಗಲಿ ಎಂದು ಕೈಸನ್ನೆ ಮಾಡಿ ಹೊರಗೆ ಹೋದ. ನಿರ್ದೇಶಕನಿಗೆ ಎಲ್ಲಿಲ್ಲದ ಉತ್ಸಾಹ ಬಂತು. "ಅದ್ಭುತ ಅಕ್ಕಾ. ಹೆಸರಿನ ಜೊತೆ ಇದನ್ನೂ ಹಾಕೋಣ, ಕೆಲವು ಸೀನುಗಳಿಗೆ ದನಿ ಕೊಟ್ಟವರು ಅಂತ."

ದನಿಯಕ್ಕ ಗಾಜಿನ ಮೂಲಕ ಲ್ಯಾಪ್‌ಟಾಪಿನತ್ತ ನೋಡಿದಳು. ಅವಳಿಗೆ ಇದು ಹೊಳೆದದ್ದೇ ಆಗ. ಹೊಳೆಯದೆ ಇದ್ದಿದ್ದರೆ ಚೆನ್ನಾಗಿತ್ತು ಎಂದೂ ಅನ್ನಿಸಿತು.

"ಹೆಸರು ಹಾಕಬೇಡಪ್ಪ," ಎಂದಳು.

"ಯಾಕೆ ಅಕ್ಕಾ?"

"ನನ್ನ ಹೆಸರು ಕಂಡ್ರೆ ಇಡೀ ಚಿತ್ರ ನಾನೇ ಮಾತಾಡಿದ್ದು ಅಂದ್ಕೋತಾರೆ ಜನ. ಕೆಲವು ಸೀನು ಅಂತ ಹಾಕಿದ್ರೆ ಯಾವ ಸೀನು ಅಂತ ಹುಡುಕ್ತಾ ಕೂರ್ತಾರೆ. ಆ ಹೆಂಗಸು ಇಷ್ಟು ಕಷ್ಟಪಟ್ಟು ಮಾತಾಡಿದ್ದೂ ನನ್ನ ಲೆಕ್ಕಕ್ಕೇ ಸೇರತ್ತೆ. ಬೇಡ, ತೆಗೆದುಬಿಡು."

ಹುಡುಗ ಕಿವಿಯಣ್ಣನ ಮುಖ ನೋಡಿದ. ಕಿವಿಯಣ್ಣ ಮುಂದಿನ ಸೀನು ಹುಡುಕುವ ನೆವದಲ್ಲಿ ತಲೆ ಬಗ್ಗಿಸಿದ್ದ. ದನಿಯಕ್ಕ ಹೆಡ್‌ಫೋನು ಏರಿಸಿಕೊಂಡಳು. ಬೇಡ ಎಂದದ್ದಕ್ಕೆ ಅವಳಿಗೆ ಹೆಮ್ಮೆಯೇನೂ ಆಗಲಿಲ್ಲ. ಲ್ಯಾಪ್‌ಟಾಪಿನ ಕಡೆ ಮತ್ತೆ ನೋಡದೆ ಉಳಿದ ಸೀನುಗಳನ್ನು ಮುಗಿಸಿದಳು.

ಮನೆಯಲ್ಲಿ ಗಂಡ ಬಾಗಿಲಲ್ಲೇ ಕಾಯುತ್ತಿದ್ದ. "ಎಷ್ಟು ದೊಡ್ಡದಾಗಿ ಹಾಕ್ತಾರಂತೆ ಹೆಸರು?"

"ಹಾಕಲ್ಲ. ಬೇಡ ಅಂದೆ."

ಅವಳು ಎಲ್ಲವನ್ನೂ ಹೇಳಿದಳು. ಅವನು ಕೇಳಿಸಿಕೊಂಡ. "ಎಂಥ ಕೆಲಸ ಮಾಡಿದ್ಯೇ, ಬೀದಿಗೆಲ್ಲ ಹೇಳ್ಬಿಟ್ಟಿದ್ದೀನಲ್ಲ," ಎಂದ. ಆಮೇಲೆ ಅಡುಗೆಮನೆಗೆ ಹೋಗಿ ತಾನೇ ಕಾಫಿ ಮಾಡಿ ತಂದುಕೊಟ್ಟ. ಸಕ್ಕರೆ ಹಾಕುವುದನ್ನು ಮರೆತಿದ್ದ. ಅವಳು ಹೇಳಲಿಲ್ಲ, ಕುಡಿದಳು.

ಚಿತ್ರ ಬಿಡುಗಡೆಯಾದ ವಾರ ದನಿಯಕ್ಕ ಒಬ್ಬಳೇ ಮಧ್ಯಾಹ್ನದ ಆಟಕ್ಕೆ ಹೋದಳು. ಗಂಡ ಬರುತ್ತೇನೆಂದ. ಬೇಡ, ನೀವು ಪಿಸುಗುಟ್ಟಿದರೆ ಆಪರೇಟರಿಗೂ ಕೇಳತ್ತೆ ಎಂದು ಬಿಟ್ಟು ಬಂದಿದ್ದಳು. ಥಿಯೇಟರು ಮುಕ್ಕಾಲು ತುಂಬಿತ್ತು. ಮೊದಲ ಮಾತು ಕೇಳಿದಾಗ ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಇನ್ನು ಕೆಲವರು ಜೊತೆಗೂಡಿದರು. ಅದು ದನಿಯಕ್ಕ ಆಡಿದ ಮಾತು. ನಗಲಿ ಬಿಡಿ ಎಂದು ಅವತ್ತು ಧೈರ್ಯವಾಗಿ ಹೇಳಿದ್ದವಳು ಕುರ್ಚಿಯ ಕೈ ಹಿಡಿದು ಕೂತಳು. ಎರಡನೆಯ ಸೀನಿಗೂ ನಗು ಬಂತು, ಸ್ವಲ್ಪ ಕಡಿಮೆ. ಆ ಎರಡನ್ನೂ ಮೈಮೇಲೆ ತೆಗೆದುಕೊಂಡದ್ದು ತಾನು, ಅವಳಲ್ಲ, ಅಷ್ಟರಮಟ್ಟಿಗೆ ಒಳ್ಳೆಯದೇ ಆಯಿತು ಎಂದುಕೊಂಡಳು.

ಜಗಳದ ಸೀನು ಬಂತು. ಮಗಳು ಬೆನ್ನು ತಿರುಗಿಸಿ ಬಟ್ಟೆ ಮಡಚತೊಡಗಿದಳು. ರಾಣಿಯಮ್ಮ ತನ್ನ ಬಾಯಿಂದ, ತನ್ನ ದನಿಯಲ್ಲಿ ಕೇಳಿದಳು. ದನಿ ಒಡೆದು ಬರೀ ಗಾಳಿಯಾಗುವ ಜಾಗದಲ್ಲಿ ಯಾರೂ ನಗಲಿಲ್ಲ. ಎಲ್ಲೋ ಒಂದು ಮಗು ಅತ್ತದ್ದು ಬಿಟ್ಟರೆ ಸದ್ದಿಲ್ಲ.

ಪಕ್ಕದ ಸೀಟಿನಲ್ಲಿ ದನಿಯಕ್ಕನದೇ ವಯಸ್ಸಿನ ಒಬ್ಬಳು ಕೂತಿದ್ದಳು. ಸೆರಗಿನಿಂದ ಮೂಗು ಒರೆಸಿಕೊಂಡು, ಯಾರಿಗಾದರೂ ಹೇಳಲೇಬೇಕು ಎನ್ನುವಂತೆ ಇತ್ತ ಬಾಗಿದಳು.

"ನೋಡಿ, ಎಂಥ ಅನ್ಯಾಯ," ಎಂದಳು. "ಸತ್ತುಹೋದ್ರು ಅಂತ ಯಾರದೋ ದನಿ ತಂದು ಹಾಕಿಬಿಟ್ಟಿದ್ದಾರೆ. ಅವರ ದನಿ ಹೇಗಿತ್ತು ಅಂತ ನಮಗೆ ಗೊತ್ತಿಲ್ವಾ?"

ಸುಮ್ಮನಿರಬಹುದಿತ್ತು. ಸುಮ್ಮನಿರುವುದೇ ಕಸುಬಿನ ಕಟ್ಟಳೆ. ದನಿಯಕ್ಕ ಅದನ್ನು ಮೀರಿದ್ದು ಅದೊಂದೇ ಸಲ.

"ಇಲ್ಲಮ್ಮ," ಎಂದಳು. "ಇದೇ ಅವರ ದನಿ."

ಆ ಹೆಂಗಸಿನ ಕೈ ಸೆರಗಿನ ಮೇಲೇ ನಿಂತುಹೋಯಿತು. ಮೂವತ್ತು ವರ್ಷದಿಂದ ಕೇಳಿಕೊಂಡು ಬಂದಿದ್ದ, ರಾಣಿಯಮ್ಮ ಸತ್ತ ದಿನ ಟಿವಿಯಲ್ಲಿ ಕೇಳಿ ಅತ್ತಿದ್ದ ದನಿ ಕತ್ತಲಲ್ಲಿ ಪಕ್ಕದ ಕುರ್ಚಿಯಿಂದ ಬಂದಿತ್ತು. ಅವಳು ತೆರೆ ನೋಡುವುದನ್ನು ಬಿಟ್ಟು, ಇವಳ ಮುಖವನ್ನೇ ನೋಡತೊಡಗಿದಳು.

"ನನ್ನ ನೋಡಬೇಡಿ," ಎಂದಳು ದನಿಯಕ್ಕ ಮೆಲ್ಲಗೆ. "ಅಲ್ಲಿ ನೋಡಿ. ಅವರು ಮಾತಾಡ್ತಿದ್ದಾರೆ."